ಸೂರು ಕಳೆದುಕೊಂಡವರ ಹಂಚು

ಕರಾವಳಿಯ ಹಳೆಯ ಮನೆಗಳಲ್ಲಿ ತಲೆಯೆತ್ತಿ ನೋಡಿದರೆ ಪಕ್ಕಾಸು, ರೀಪುಗಳ ನಡುವೆ ಹಂಚಿನ ಒಳಮೈ ಕಾಣುತ್ತದೆ. ಹೊಗೆ ಹಿಡಿದು ಕಪ್ಪಾಗಿರದಿದ್ದರೆ ಕೆಲವು ಹಂಚುಗಳ ಮೇಲೆ ಉಬ್ಬಿದ ಇಂಗ್ಲಿಷ್ ಅಕ್ಷರಗಳನ್ನು ಓದಬಹುದು: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಎಷ್ಟೋ ಮನೆಯವರು ಈ ಇಸವಿಯನ್ನು ತೋರಿಸಿ ತಮ್ಮ ಮನೆ ಅಷ್ಟು ಹಳೆಯದೆಂದು ಹೆಮ್ಮೆಪಡುವುದುಂಟು. ಅದು ಹಂಚು ಸುಟ್ಟ ವರ್ಷವಲ್ಲ, ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ. ಆಮೇಲೆ ಎಷ್ಟೋ ಕಾಲ ಅಚ್ಚಿನಿಂದ ಬಂದ ಹಂಚುಗಳು ಅದೇ ಇಸವಿಯನ್ನು ಹೊತ್ತುಕೊಂಡು ಬಂದವು. (ಹೆಮ್ಮೆಪಡುವವರ ಎದುರು ಇದನ್ನು ಹೇಳುವ ಧೈರ್ಯ ನಾನಿನ್ನೂ ಮಾಡಿಲ್ಲ.)

ನನ್ನನ್ನು ಕಾಡಿದ ಪ್ರಶ್ನೆ ಇಸವಿಯದ್ದಲ್ಲ. ಸುವಾರ್ತೆ ಸಾರಲು ಸಮುದ್ರ ದಾಟಿ ಬಂದವರು ಮಣ್ಣು ಕಲಸಿ ಹಂಚು ಸುಡಲು ಯಾಕೆ ಕೂತರು? ಇದಕ್ಕೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. ಒಂದು, ಜರ್ಮನರು ಜಾಣರು, ನೇತ್ರಾವತಿ ದಂಡೆಯ ಮಣ್ಣು ಕಂಡ ಕೂಡಲೇ ವ್ಯಾಪಾರದ ದಾರಿ ಕಂಡರು ಎನ್ನುವುದು. ಇನ್ನೊಂದು, ಕೂಲಿಯ ಆಸೆ ತೋರಿಸಿ ಬಡವರನ್ನು ಮತಾಂತರಿಸಲು ಕಾರ್ಖಾನೆ ಕಟ್ಟಿದರು ಎನ್ನುವುದು. ಮೊದಲನೆಯದನ್ನು ಹೊಗಳುವವರು ಹೇಳುತ್ತಾರೆ, ಎರಡನೆಯದನ್ನು ತೆಗಳುವವರು. ಪಿಎಚ್.ಡಿ.ಗೆಂದು ಮಿಷನ್ನಿನ ವಾರ್ಷಿಕ ವರದಿಗಳನ್ನು ಓದುತ್ತಾ ಹೋದಂತೆ ನನಗೆ ಎರಡೂ ಸಾಲದೆನಿಸಿದವು. ವರದಿಗಳಲ್ಲಿ ಕಾಣುವ ಅನುಕ್ರಮವೇ ಬೇರೆ. ಮೊದಲು ಜನ ಬಂದರು. ಬಂದವರು ಮನೆ ಕಳೆದುಕೊಂಡರು. ಮನೆ ಕಳೆದುಕೊಂಡವರಿಗೆ ಏನು ಮಾಡುವುದೆಂದು ತಿಳಿಯದೆ ಪಾದ್ರಿಗಳು ಸುಮಾರು ಕಾಲು ಶತಮಾನ ತಡಕಾಡಿದರು. ಆ ತಡಕಾಟದ ಕೊನೆಯಲ್ಲಿ ಹಂಚು ಬಂತು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಈ ಮಿಷನ್ ಹುಟ್ಟಿದ್ದು 1815ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಸನದು 1833ರಲ್ಲಿ ನವೀಕರಣವಾದಾಗ ಬ್ರಿಟಿಷರಲ್ಲದ ಮಿಷನರಿಗಳಿಗೂ ಇಲ್ಲಿ ಕೆಲಸ ಮಾಡಲು ದಾರಿ ತೆರೆಯಿತು. ಮರುವರ್ಷವೇ, 1834ರ ಅಕ್ಟೋಬರ್ ಕೊನೆಯಲ್ಲಿ, ಸಾಮ್ಯುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಎರಡು ವರ್ಷದ ಮೇಲೆ ಹೆರ್ಮನ್ ಮೋಗ್ಲಿಂಗ್ ಬಂದ. ಕನ್ನಡ ಓದುಗರಿಗೆ ಮೋಗ್ಲಿಂಗ್ ಗೊತ್ತು, 1843ರ 'ಮಂಗಳೂರ ಸಮಾಚಾರ' ಗೊತ್ತು, 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್ ಅಂತೂ ಎಲ್ಲರಿಗೂ ಗೊತ್ತು. ಮಿಷನ್ನನ್ನು ನಾವು ನೆನೆಯುವುದು ಬಹುಪಾಲು ಪುಸ್ತಕಗಳ ಮೂಲಕ. ಇದರಿಂದಾದ ಒಂದು ನಷ್ಟವೆಂದರೆ, ಈ ಪುಸ್ತಕಗಳು ಅಚ್ಚಾಗುತ್ತಿದ್ದ ಬಲ್ಮಠದ ಗುಡ್ಡದ ಸುತ್ತ ಯಾರು ವಾಸವಾಗಿದ್ದರು, ಅವರು ಏನು ಉಣ್ಣುತ್ತಿದ್ದರು ಎಂಬುದು ಸಾಹಿತ್ಯ ಚರಿತ್ರೆಯ ಹೊರಗೇ ಉಳಿದುಬಿಟ್ಟಿತು.

ಬಂದವರಲ್ಲಿ ಹೆಚ್ಚಿನವರು ಬಿಲ್ಲವರು. ಮೂರ್ತೆ ಅವರ ಕುಲಕಸುಬು, ಎಂದರೆ ತಾಳೆ, ತೆಂಗಿನ ಮರ ಹತ್ತಿ ಕಳ್ಳು ಇಳಿಸುವುದು. ಅದರ ಜೊತೆಗೆ ಧಣಿಗಳ ಭೂಮಿಯಲ್ಲಿ ಗೇಣಿ. ತುಳುನಾಡಿನಲ್ಲಿ ಗೇಣಿಗೆ ಎರಡು ಮುಖಗಳಿದ್ದವು. ಮೂಲಗೇಣಿಯವನಿಗೆ ಭೂಮಿಯ ಮೇಲೆ ಶಾಶ್ವತ ಹಕ್ಕಿತ್ತು. ಚಾಲಗೇಣಿಯವನಿಗೆ ಅಂಥದ್ದೇನೂ ಇರಲಿಲ್ಲ, ಧಣಿ ಬೇಡವೆಂದ ದಿನ ಗದ್ದೆ ಬಿಡಬೇಕು. ಗದ್ದೆ ಬಿಟ್ಟರೆ ಅದರ ಬದಿಯಲ್ಲೇ ಕಟ್ಟಿಕೊಂಡ ಮುಳಿಹುಲ್ಲಿನ ಮನೆಯನ್ನೂ ಬಿಟ್ಟ ಹಾಗೆಯೇ. ಬಡ ಬಿಲ್ಲವರಲ್ಲಿ ಬಹಳ ಮಂದಿ ಈ ಎರಡನೆಯ ಸಾಲಿನವರು.

ಅಂಥವನೊಬ್ಬ ದೀಕ್ಷಾಸ್ನಾನ ಪಡೆದ ಎಂದಿಟ್ಟುಕೊಳ್ಳಿ. ಮೊದಲು ಹೋಗುವುದು ಕಸುಬು. ಅಮಲಿನ ವಸ್ತುವಿನ ವ್ಯವಹಾರವನ್ನು ಮಿಷನ್ ಒಪ್ಪುತ್ತಿರಲಿಲ್ಲವಾದ್ದರಿಂದ ಮರ ಹತ್ತುವ ಕತ್ತಿಯನ್ನು ಅವನೇ ಕೆಳಗಿಡಬೇಕು. ಆಮೇಲೆ ಗೇಣಿ. ಧಣಿಗೂ ಒಕ್ಕಲಿಗೂ ಇದ್ದ ಸಂಬಂಧ ಬರೀ ಭತ್ತದ ಲೆಕ್ಕದ್ದಲ್ಲ. ಧಣಿಯ ಮನೆತನ ನಡೆಸುವ ದೈವದ ಕೋಲಕ್ಕೆ ಒಕ್ಕಲಿನ ಕಾಣಿಕೆ, ಸೇವೆ ಸಲ್ಲಬೇಕಿತ್ತು. ಜಗಳಗಳು ತೀರ್ಮಾನವಾಗುತ್ತಿದ್ದದ್ದು ಕೂಡ ದೈವದ ಎದುರು, ಅದರ ಮಾತಿನಲ್ಲಿ. 'ನಾನಿನ್ನು ಭೂತಕ್ಕೆ ಕೈಮುಗಿಯುವುದಿಲ್ಲ' ಎಂದು ಒಬ್ಬ ಒಕ್ಕಲು ಹೇಳಿದರೆ ಪಾದ್ರಿಯ ಕಿವಿಗೆ ಅದು ವಿಶ್ವಾಸದ ಮಾತಾಗಿ ಕೇಳುತ್ತಿತ್ತು. ಧಣಿಗೆ ಅದು ತನ್ನ ಆಳ್ವಿಕೆಗೇ ಇಟ್ಟ ಕೊಡಲಿ. ಹೊರಹಾಕುವುದು ಅವನಿಗೆ ಸಹಜವಾಗಿತ್ತು.

ಮೂರನೆಯದು ಕುಟುಂಬ, ಇದು ಎಲ್ಲಕ್ಕಿಂತ ಕಷ್ಟದ್ದು. ಬಿಲ್ಲವರದು ಅಳಿಯಸಂತಾನ ಪದ್ಧತಿ. ವಂಶ ನಡೆಯುವುದು ಹೆಣ್ಣಿನಿಂದ, ಮಕ್ಕಳು ತಾಯಿಯ ಮನೆಗೆ ಸೇರಿದವರು, ಗಂಡಸಿನ ವಾರಸುದಾರರು ಅವನ ಅಕ್ಕತಂಗಿಯರ ಮಕ್ಕಳು. ಇಂಥಲ್ಲಿ ಗಂಡನೊಬ್ಬನೇ ಕ್ರೈಸ್ತನಾದರೆ ಹೆಂಡತಿ ಮಕ್ಕಳ ಸಮೇತ ತವರಿನಲ್ಲೇ ಉಳಿಯುತ್ತಿದ್ದಳು. ಅವನ ಮಕ್ಕಳು ಅವನ ಮಕ್ಕಳಲ್ಲ ಎನ್ನುವ ಹಾಗಾಗುತ್ತಿತ್ತು. ಹೆಣ್ಣು ಕ್ರೈಸ್ತಳಾದರೆ ಇನ್ನೂ ದೊಡ್ಡ ರಂಪ, ಯಾಕೆಂದರೆ ಅವಳ ಜೊತೆ ಆ ಮನೆಯ ಮುಂದಿನ ತಲೆಮಾರೇ ಹೊರಟುಹೋಗುತ್ತಿತ್ತು. ಯುರೋಪಿನಿಂದ ಬಂದ ಪಾದ್ರಿಗಳಿಗೆ ಇದು ಅರ್ಥವಾಗಲು ಬಹಳ ಕಾಲ ಹಿಡಿಯಿತೆಂದು ನನ್ನ ಅಂದಾಜು. ಗಂಡ, ಹೆಂಡತಿ, ಮಕ್ಕಳು ಎಂಬ ತಮ್ಮೂರಿನ ಸಂಸಾರದ ಚೌಕಟ್ಟಿನಲ್ಲೇ ಅವರು ಎಲ್ಲವನ್ನೂ ನೋಡುತ್ತಿದ್ದರು. ಹೆಂಡತಿ ಬರಲೊಪ್ಪದಿದ್ದರೆ ಅದನ್ನು ಅವಳ ಹಟವೆಂದು ಬರೆದಿಡುತ್ತಿದ್ದರು.

ಮೇಲ್ಜಾತಿಯವರಿಗೂ ಮನೆ ತಪ್ಪಿದ್ದುಂಟು. 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಮತ್ತು ಅವನ ಇಬ್ಬರು ಗೆಳೆಯರು, ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗರು, ಕ್ರೈಸ್ತರಾದಾಗ ಮಂಗಳೂರು ಪೇಟೆಯೇ ಅಲ್ಲೋಲಕಲ್ಲೋಲವಾಯಿತು. ಆದರೆ ಕೌಂಡಿನ್ಯನಿಗೆ ಇಂಗ್ಲಿಷ್ ಗೊತ್ತಿತ್ತು. ಅವನು ಬಾಸೆಲ್ಲಿಗೆ ಹೋಗಿ ಓದಿ 1851ರಲ್ಲಿ ಪಾದ್ರಿಯಾಗಿ ಮರಳಿದ. ಜಾತಿ ಹೋದವನಿಗೆ ಆಸ್ತಿಯ ಹಕ್ಕೂ ಹೋಗಬಾರದೆಂದು 1850ರಲ್ಲಿ ಕಂಪನಿ ಸರ್ಕಾರ ಕಾಯ್ದೆ ತಂದಿತು ನಿಜ. ಆಸ್ತಿ ಇದ್ದವನಿಗೆ ಅದು ಕಾಯ್ದೆ. ಚಾಲಗೇಣಿಯ ಒಕ್ಕಲಿನ ಹೆಸರಿನಲ್ಲಿ ಆ ಕಾಯ್ದೆ ಕಾಯಬಹುದಾದದ್ದು ಏನಿತ್ತು?

ಹೀಗೆ ಮಿಷನ್ನಿನ ಹಿತ್ತಲಲ್ಲಿ ಕಸುಬಿಲ್ಲದ, ಗದ್ದೆಯಿಲ್ಲದ, ಮನೆಯಿಲ್ಲದ ಜನ ಸೇರುತ್ತಾ ಹೋದರು. 1840ರ ಸುಮಾರಿಗೆ ಕಲೆಕ್ಟರ್ ಬ್ಲೇರ್ ಬಿಟ್ಟುಕೊಟ್ಟ ಬಲ್ಮಠದ ಗುಡ್ಡ ಅವರಲ್ಲಿ ಕೆಲವರಿಗೆ ತಾಣವಾಯಿತು. ಮೂಲ್ಕಿಯಲ್ಲಿ ಹೆಣ್ಣುಮಕ್ಕಳ, ಉಡುಪಿಯಲ್ಲಿ ಗಂಡುಮಕ್ಕಳ ಅನಾಥಾಲಯಗಳು ಬೆಳೆದವು. ತುರ್ತಿಗೆ ಅಕ್ಕಿ ಕೊಟ್ಟದ್ದೂ ಉಂಟು. ಆದರೆ ಅಕ್ಕಿ ಕೊಡುವಾಗ ಈ ಪಾದ್ರಿಗಳ ಕೈ ನಡುಗುತ್ತಿತ್ತು, ಮತ್ತು ನಾನು ಹೇಳಹೊರಟಿರುವ ಕಥೆಯ ಮರ್ಮ ಇಲ್ಲೇ ಇದೆ.

ಅವರಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರು, ರೈತರ, ಕುಶಲಕರ್ಮಿಗಳ ಮನೆಯ ಮಕ್ಕಳು. ಅಂತರಂಗದ ಭಕ್ತಿಗೂ ದಿನನಿತ್ಯದ ದುಡಿಮೆಗೂ ಗಂಟುಹಾಕಿದ ಪೈಟಿಸ್ಟ್ ಪಂಥ ಅವರದು. ದುಡಿಯದೆ ಉಣ್ಣುವುದು ಅವರ ಲೆಕ್ಕದಲ್ಲಿ ಪಾಪಕ್ಕೆ ಸಮೀಪದ ಸಂಗತಿ. ಅನ್ನಕ್ಕಾಗಿ ಕ್ರೈಸ್ತರಾದವರು ಎಂಬ ಹಂಗಿಸುವ ಮಾತು ಊರಿನಲ್ಲೂ ಇತ್ತು, ಬ್ರಿಟಿಷ್ ಅಧಿಕಾರಿಗಳ ಬಾಯಲ್ಲೂ ಇತ್ತು. ಆ ಮಾತಿಗೆ ಎಲ್ಲರಿಗಿಂತ ಹೆಚ್ಚು ಹೆದರಿದವರು ಪಾದ್ರಿಗಳೇ. ದಾನ ಮಾಡದಿದ್ದರೆ ನಂಬಿ ಬಂದವರು ಉಪವಾಸ ಬೀಳುತ್ತಾರೆ, ದಾನ ಮಾಡುತ್ತಲೇ ಇದ್ದರೆ ಅವರ ನಂಬಿಕೆಯೇ ಸಂಶಯಕ್ಕೆ ಗುರಿಯಾಗುತ್ತದೆ. ಈ ಇಕ್ಕಟ್ಟಿನಿಂದ ಹೊರಬರಲು ಅವರಿಗೆ ಕಂಡ ಒಂದೇ ದಾರಿ ಕೆಲಸ. ಮತಾಂತರಕ್ಕೆ ಆಮಿಷವಾಗಿ ಕಾರ್ಖಾನೆ ಬಂತೆನ್ನುವವರು ಗಮನಿಸಬೇಕಾದದ್ದು ಇದನ್ನೇ. ಕಾರ್ಖಾನೆ ಬಂದದ್ದು 'ಆಮಿಷ' ಎಂಬ ಆರೋಪದ ಭಯದಿಂದ.

ಕೆಲಸ ಹುಡುಕುವುದೇನೂ ಸುಲಭವಾಗಲಿಲ್ಲ. ಗದಗ-ಬೆಟಗೇರಿಯ ಬಳಿ ಮಲ್ಲಸಮುದ್ರದಲ್ಲಿ 1841ರಲ್ಲಿ ಒಂದು ಕೃಷಿ ವಸಾಹತು ಮಾಡಹೋದರು, ಕೈಗೂಡಲಿಲ್ಲ. ಮಂಗಳೂರಿನಲ್ಲಿ ಗಡಿಯಾರ ಮಾಡುವುದನ್ನು ಕಲಿಸಹೋದರು. ಸ್ವಿಟ್ಜರ್ಲೆಂಡಿನ ನಂಟಿದ್ದವರಿಗೆ ಅದು ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ. ಸೂರ್ಯ ನೆತ್ತಿಗೆ ಬಂದಾಗ ಊಟಕ್ಕೇಳುವ ಊರಿನಲ್ಲಿ ಗಡಿಯಾರ ಕೊಳ್ಳುವವರು ಯಾರು! ಅದೂ ನಿಂತಿತು. 1853ರಲ್ಲಿ ಕೊಡಗಿಗೆ ಹೋದ ಮೋಗ್ಲಿಂಗ್ ಅಲ್ಲಿನ ಜಮೀನುಗಳಲ್ಲಿ ಜೀತಕ್ಕಿದ್ದ ದಲಿತ ಕುಟುಂಬಗಳಿಗಾಗಿ, ಅಂದಿನ ದಾಖಲೆಗಳು ಹೊಲೆಯರೆಂದು ಕರೆಯುವವರಿಗಾಗಿ, ಸಿದ್ದಾಪುರದ ಹತ್ತಿರ ಆನಂದಪುರವೆಂಬ ಊರನ್ನೇ ಕಟ್ಟಿದ. ಕಾಫಿ ಬೆಳೆದು ಊರನ್ನು ಸಾಕುವ ಯೋಜನೆ. ಹೆಂಡತಿಯ ಅನಾರೋಗ್ಯದಿಂದ 1860ರಲ್ಲಿ ಅವನು ಸ್ವದೇಶಕ್ಕೆ ಮರಳಬೇಕಾಯಿತು. ಕಾಫಿ ತೋಟದ ಸಾಲ ಹಿಂದೆಯೇ ಉಳಿಯಿತು. ಆ ಊರು ಇಂದಿಗೂ ಇದೆ. ಮೋಗ್ಲಿಂಗನ ಪತ್ರಿಕೆಯ ಬಗ್ಗೆ ನಾವು ಆಡುವ ಮಾತಿನ ಹತ್ತರಲ್ಲಿ ಒಂದು ಪಾಲನ್ನಾದರೂ ಆನಂದಪುರದ ಬಗ್ಗೆ ಆಡಬೇಕು ಎಂದು ನನಗೆ ಆಗಾಗ ಅನಿಸುತ್ತದೆ.

ಮೊದಲು ಕೈಹಿಡಿದದ್ದು ಮಗ್ಗ. ನೇಯ್ಗೆ ಬಲ್ಲ ಹಾಲರ್ ಎಂಬವನು 1851ರಲ್ಲಿ ಮಂಗಳೂರಿಗೆ ಬಂದು ಯುರೋಪಿನ ಮಾದರಿಯ ಮಗ್ಗಗಳನ್ನು ಹಾಕಿದ. ಖಾಕಿ ಬಣ್ಣ ಹುಟ್ಟಿದ್ದು ಇಲ್ಲೇ ಎಂಬ ಮಾತು ಮಂಗಳೂರಿನಲ್ಲಿ ಜನಜನಿತ. ವಾಯವ್ಯ ಗಡಿಯ ಗೈಡ್ಸ್ ಪಡೆ 1840ರ ದಶಕದ ಕೊನೆಗೇ ಖಾಕಿ ತೊಟ್ಟಿತ್ತಾದ್ದರಿಂದ ಆ ಮಾತನ್ನು ಸ್ವಲ್ಪ ತಗ್ಗಿಸಿ ಹೇಳುವುದು ಒಳ್ಳೆಯದು. ಖಾಕಿ ಬಟ್ಟೆಯನ್ನು ತಯಾರಿಸಿ ಮಾರಿದವರಲ್ಲಿ ಹಾಲರನ ನೇಯ್ಗೆ ಮನೆಗೆ ದೊಡ್ಡ ಹೆಸರು, ಅಷ್ಟಂತೂ ನಿಜ. ಕಣ್ಣೂರು, ಕಲ್ಲಿಕೋಟೆಗಳಲ್ಲೂ ನೇಯ್ಗೆ ಕಾರ್ಖಾನೆಗಳು ಬಂದವು. 1859ರಲ್ಲಿ ಬಾಸೆಲ್ಲಿನಲ್ಲಿ ಮಿಷನ್ನಿನ ವ್ಯಾಪಾರಕ್ಕೇ ಪ್ರತ್ಯೇಕ ಷೇರು ಕಂಪನಿ ರೂಪುಗೊಂಡಿತು. ಷೇರುದಾರರಿಗೆ ಮಿತವಾದ ಬಡ್ಡಿ, ಉಳಿದ ಲಾಭ ಮಿಷನ್ನಿಗೆ. ದೇವರ ಕೆಲಸಕ್ಕೆ ಲಾಭದ ಹಣ ಸೇರಬಹುದೇ ಎಂಬ ಜಗಳ ಬಾಸೆಲ್ಲಿನಲ್ಲಿ ಅದರ ನಂತರವೂ ಮುಗಿಯಲಿಲ್ಲ.

ಇನ್ನು ಹಂಚು. ಗೇಯೋರ್ಗ್ ಪ್ಲೆಬ್ಸ್ಟ್ 1851ರಲ್ಲಿ ಬಂದದ್ದು ಮುದ್ರಣಾಲಯಕ್ಕಾಗಿ. ಹತ್ತು ವರ್ಷದಿಂದ ಕಲ್ಲಚ್ಚಿನಲ್ಲಿ ನಡೆಯುತ್ತಿದ್ದ ಮಿಷನ್ ಪ್ರೆಸ್ಸಿಗೆ ಮೊಳೆಗಳ ಅಚ್ಚು ಬಂದದ್ದು ಅವನ ಕಾಲದಲ್ಲಿ. ಕನ್ನಡ ಅಕ್ಷರಕ್ಕೆ ಅಚ್ಚು ಹಾಕಿದ ಕೈಯೇ 1865ರಲ್ಲಿ ಮಣ್ಣಿಗೂ ಅಚ್ಚು ಹಾಕಿತು. ಒಂದರ ಅಂಚಿಗೆ ಇನ್ನೊಂದು ಕಚ್ಚಿಕೊಳ್ಳುವ ಚಪ್ಪಟೆ ಹಂಚಿನ ಮಾದರಿ ಅವನ ಸ್ವಂತದ್ದಲ್ಲ. ಫ್ರಾನ್ಸಿನ ಅಲ್ಸಾಸಿನಲ್ಲಿ ಗಿಲಾರ್ದೋನಿ ಸಹೋದರರು 1841ರಲ್ಲೇ ಅದಕ್ಕೆ ಹಕ್ಕುಸ್ವಾಮ್ಯ ಪಡೆದಿದ್ದರು. ಆದರೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿಗೆ ಅದು ಹೇಳಿ ಮಾಡಿಸಿದಂತಿತ್ತು. ಮುಳಿಹುಲ್ಲು, ತೆಂಗಿನ ಮಡಲು ವರ್ಷ ವರ್ಷ ಬದಲಿಸಬೇಕು, ಬೆಂಕಿಯ ಭಯ ಬೇರೆ. ಕುಂಬಾರರ ನಾಡಹಂಚು ಜಾರುತ್ತದೆ, ಮಂಗ ನಡೆದರೆ ಒಡೆಯುತ್ತದೆ, ಭಾರವೂ ಹೆಚ್ಚು. ಕಚ್ಚು ಹಂಚಿಗೆ ಇವು ಯಾವುವೂ ಅಷ್ಟಾಗಿ ಕಾಡಲಿಲ್ಲ.

ನದಿ ದಂಡೆಯ ಗದ್ದೆಗಳಿಂದ ಆವೆ ಮಣ್ಣು ದೋಣಿಯಲ್ಲಿ ಬರುತ್ತಿತ್ತು. ಅದನ್ನು ರಾಶಿ ಹಾಕಿ ಹದಕ್ಕೆ ಬಿಟ್ಟು, ಎತ್ತು ತಿರುಗಿಸುವ ಯಂತ್ರದಲ್ಲಿ ಅರೆದು, ಹಲಗೆಯಂತೆ ಕೊಯ್ದು, ಕೈಯಿಂದ ತಿರುಗಿಸುವ ತಿರುಪು ಪ್ರೆಸ್ಸಿನ ಕೆಳಗಿಟ್ಟು ಅಚ್ಚೊತ್ತಬೇಕು. ಅಂಚು ಕೆತ್ತಿ, ಅಟ್ಟಣಿಗೆಗಳಲ್ಲಿ ನೆರಳಿನಲ್ಲಿ ದಿನಗಟ್ಟಲೆ ಒಣಗಿಸಿ, ಆಮೇಲೆ ಸೌದೆಯ ಭಟ್ಟಿಯಲ್ಲಿ ಸುಡಬೇಕು. ಎತ್ತಿನ ಜಾಗಕ್ಕೆ ಮುಂದೆ ಉಗಿಯಂತ್ರ ಬಂತು. ಇದರಲ್ಲಿ ಗಮನಿಸಬೇಕಾದದ್ದೆಂದರೆ ನೇಯ್ಗೆಯಷ್ಟು ತರಬೇತಿ ಇದಕ್ಕೆ ಬೇಡ. ಮಣ್ಣು ಹೊರಲು, ಹಸಿ ಹಂಚು ಎತ್ತಿ ಅಟ್ಟಣಿಗೆಗಿಡಲು, ಒಣಗಿದ್ದನ್ನು ಭಟ್ಟಿಗೆ ಸಾಗಿಸಲು ನೂರಾರು ಕೈ ಬೇಕು. ನಿನ್ನೆ ತಾನೇ ಗದ್ದೆಯಿಂದ ಹೊರಬಿದ್ದವನಿಗೂ, ಗಂಡ ಬಿಟ್ಟುಹೋದವಳಿಗೂ ಇವತ್ತೇ ಕೂಲಿ ಹುಟ್ಟುವ ಕೆಲಸವಿದು. ಮಿಷನ್ ಕಾಲು ಶತಮಾನ ಹುಡುಕಿದ್ದು ಇದನ್ನೇ. ಜೆಪ್ಪುವಿನ ಬಳಿಕ 1873ರಲ್ಲಿ ಕಲ್ಲಿಕೋಟೆ, 1882ರಲ್ಲಿ ಮಂಗಳೂರಿನದೇ ಕುದ್ರೋಳಿ, 1886ರಲ್ಲಿ ಮಲ್ಪೆ, ಆಮೇಲೆ ಕೊಡಕಲ್, ಪಾಲಕ್ಕಾಡ್, ಕೊನೆಗೆ 1905ರಲ್ಲಿ ಫರೋಕ್, ಹೀಗೆ ಏಳು ಕಾರ್ಖಾನೆಗಳಾದವು. ಮೊದಲ ಮಹಾಯುದ್ಧದ ಹೊತ್ತಿಗೆ ಹಂಚು, ಮಗ್ಗ ಎಲ್ಲ ಸೇರಿ ಮಿಷನ್ನಿನ ಉದ್ಯಮಗಳಲ್ಲಿ 3,000ಕ್ಕೂ ಹೆಚ್ಚು ಮಂದಿ ದುಡಿಯುತ್ತಿದ್ದರು.

ಜೆಪ್ಪುವಿನಲ್ಲಿ ನಾನು ಮಾತಾಡಿಸಿದ ಒಬ್ಬ ಹಿರಿಯ ಹೆಂಗಸು ಹುಡುಗಿಯಾಗಿದ್ದಾಗ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಅವರ ಅಜ್ಜಿಯೂ ಅಲ್ಲೇ, ಪಾದ್ರಿಗಳ ಕಾಲದಲ್ಲಿ. "ಅಜ್ಜಿ ಏನು ಹೇಳುತ್ತಿದ್ದರು ದೊಡ್ಡಮ್ಮ, ಒಳ್ಳೆ ಕಾಲವಂತಾ, ಕೆಟ್ಟ ಕಾಲವಂತಾ?" ಎಂದು ಕೇಳಿದೆ. ಪ್ರಶ್ನೆ ಅವರಿಗೆ ರುಚಿಸಲಿಲ್ಲ. "ಒಳ್ಳೇದು ಕೆಟ್ಟದು ಅಂತ ಎಂತ ಮಗಾ? ತಲೆಯಲ್ಲಿ ಮಣ್ಣು ಇಟ್ಟುಕೊಂಡು ಕೊರಳು ಬೀಳ್ತಿತ್ತು. ಆದ್ರೆ ವಾರ ಆದ ಕೂಡ್ಲೆ ಕೈಯಲ್ಲಿ ದುಡ್ಡು. ಧಣಿ ಮನೆ ಹಿತ್ತಲಲ್ಲಿ ಭತ್ತಕ್ಕೆ ಸೆರಗೊಡ್ಡಿ ನಿಲ್ಲುವ ಕೆಲಸ ಇಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಭಾನುವಾರ ರಜೆ ಉಂಟಲ್ಲ, ಅದು ಅಜ್ಜಿಗೆ ದೊಡ್ಡ ವಿಷಯ" ಎಂದರು.

ನಗದು ಕೂಲಿ, ವಾರಕ್ಕೊಂದು ರಜೆ. ಇದರ ಜೊತೆ ಕಾಯಿಲೆ ಬಿದ್ದಾಗ ನೆರವಾಗುವ ನಿಧಿ, ಉಳಿತಾಯದ ಏರ್ಪಾಡು ಕೂಡ ಇದ್ದವು. ಹತ್ತೊಂಬತ್ತನೆಯ ಶತಮಾನದ ತುಳುನಾಡಿನ ಕೂಲಿಯವರಿಗೆ ಇವು ಸಣ್ಣ ಸಂಗತಿಗಳಲ್ಲ. ಆದರೆ ಇಷ್ಟಕ್ಕೆ ನಿಲ್ಲಿಸಿದರೆ ನಾನೂ ಹೊಗಳುವವರ ಸಾಲಿಗೆ ಸೇರಿದಂತಾಗುತ್ತದೆ.

ಮಿಷನ್ ಭೂಮಿ ಕೊಂಡು ಕ್ರೈಸ್ತರನ್ನು ನೆಲೆಗೊಳಿಸಿತು, ಅವರಿಂದ ಗೇಣಿ ಪಡೆಯಿತು. ಕೆಲಸ ಕೊಟ್ಟಿತು, ಕೂಲಿ ಕೊಟ್ಟಿತು. ಅವರ ಮಕ್ಕಳಿಗೆ ಶಾಲೆ ನಡೆಸಿತು. ಮದುವೆ ಮಾಡಿಸಿತು, ಸತ್ತರೆ ಮಣ್ಣು ಮಾಡಿತು. ಕುಡಿದರೆ, ದೈವದ ಕೋಲಕ್ಕೆ ಕದ್ದು ಹೋದರೆ, ಮದುವೆಯ ಕಟ್ಟು ಮೀರಿದರೆ ಸಭೆಯ ಮುಂದೆ ನಿಲ್ಲಿಸಿ ಶಿಕ್ಷಿಸಿತು. ವರದಿಗಳ ಕೊನೆಯ ಅಂಕಿಅಂಶದ ಪಟ್ಟಿಗಳಲ್ಲಿ ಹೊಸದಾಗಿ ಸೇರಿದವರ ಪಕ್ಕದಲ್ಲೇ ಸಭೆಯಿಂದ ಹೊರಗಿಟ್ಟವರ ಲೆಕ್ಕವೂ ಇರುತ್ತದೆ. ಒಣ ಅಂಕಿ. ಆದರೆ ಜಮೀನು, ಕೆಲಸ, ದೇವರು ಮೂರೂ ಒಂದೇ ಬಾಗಿಲಲ್ಲಿ ಸಿಗುವ ಊರಿನಲ್ಲಿ ಹೊರಗಿಡುವುದೆಂದರೇನು ಎಂದು ಯೋಚಿಸಿದರೆ ಆ ಅಂಕಿ ಒಣದಾಗಿ ಉಳಿಯುವುದಿಲ್ಲ. ಧಣಿಯ ದೈವಕ್ಕೆ ಕೈಮುಗಿಯಲೊಲ್ಲೆನೆಂದವನ ಗದ್ದೆ ಹೋಯಿತು. ಈಗ ಅದೇ ದೈವಕ್ಕೆ ಕೈಮುಗಿದರೆ ಕೆಲಸದ ಮೇಲೆ ಕಣ್ಣು ಬೀಳುತ್ತದೆ. ಹಳೆಯ ಧಣಿಗೂ ಹೊಸ ಪಾದ್ರಿಗೂ ಬಹಳ ವ್ಯತ್ಯಾಸಗಳಿದ್ದವು, ಪಾದ್ರಿ ಓದು ಕಲಿಸುತ್ತಿದ್ದ, ಹೊಡೆಯುತ್ತಿರಲಿಲ್ಲ, ಅವನ ಎದುರು ಬಡವ ಮುಟ್ಟದೆ ದೂರ ನಿಲ್ಲಬೇಕಿರಲಿಲ್ಲ. ಆದರೂ ಬದುಕಿನ ಎಲ್ಲ ಹಗ್ಗಗಳೂ ಒಬ್ಬನ ಕೈಯಲ್ಲೇ ಇರುವ ವ್ಯವಸ್ಥೆಯೊಂದನ್ನು ಬಿಟ್ಟು ಬಂದವರು ಅಂಥದೇ ಇನ್ನೊಂದರೊಳಗೆ ಕಾಲಿಟ್ಟಿದ್ದರು.

ಕಾರಂತರ 'ಚೋಮನ ದುಡಿ' (1933) ಓದಿದವರಿಗೆ ಈ ಗೋಜಲು ಪರಿಚಿತ. ಚೋಮನಿಗೆ ಬೇಕಾದದ್ದು ಸ್ವರ್ಗವಲ್ಲ, ಬೇಸಾಯಕ್ಕೆ ಒಂದು ತುಂಡು ಭೂಮಿ. ಅದು ಪಾದ್ರಿಗಳ ಬಳಿ ಸಿಗಬಹುದೆಂದು ಹೊರಟವನನ್ನು ದಾರಿಯಲ್ಲಿ ಪಂಜುರ್ಲಿಯ ನೆನಪು ತಿರುಗಿಸುತ್ತದೆ. ಭೂಮಿಯ ಆಸೆಗೆ ಹೊರಟ ಎಂದು ಚೋಮನನ್ನು ಹಂಗಿಸುವ ಓದುಗರು ಇರಲಾರರು. ಕಾದಂಬರಿಯ ಚೋಮನಿಗೆ ತೋರಿಸುವ ಈ ಔದಾರ್ಯವನ್ನು ವರದಿಗಳಲ್ಲಿನ ಹೆಸರಿಲ್ಲದ ಒಕ್ಕಲುಗಳಿಗೆ ನಾವು ಯಾಕೆ ತೋರಿಸುವುದಿಲ್ಲವೋ ತಿಳಿಯದು. ಅನ್ನ ಬೇರೆ, ಆತ್ಮ ಬೇರೆ ಎಂದು ವಿಂಗಡಿಸುವ ಸೌಲಭ್ಯ ಎರಡು ಹೊತ್ತು ಊಟ ಖಚಿತವಿದ್ದವರದು. ದೈವದ ಭಯ, ಧಣಿಯ ಭಯ, ಹಸಿವಿನ ಭಯ ಮೂರನ್ನೂ ಬಿಡಿಸಲಾಗದಂತೆ ಒಟ್ಟಿಗೆ ಅನುಭವಿಸಿದವನು ಅವುಗಳಿಂದ ಬಿಡುಗಡೆಯನ್ನೂ ಒಟ್ಟಿಗೇ ಕೇಳುತ್ತಾನೆ.

ಬಿಲ್ಲವರು ಕೇಳಿದ್ದು ಚರ್ಚಿನ ಬಾಗಿಲಲ್ಲಿ ಮಾತ್ರವೂ ಅಲ್ಲ. 1870ರ ಸುಮಾರಿಗೆ ಅವರ ಮುಖಂಡ ಅರಸಪ್ಪ ತನ್ನವರ ಪರವಾಗಿ ಬ್ರಹ್ಮಸಮಾಜದತ್ತ ನೋಡಿದ. ಮಂಗಳೂರಿನಲ್ಲಿ ಬ್ರಹ್ಮಸಮಾಜ ಬೇರೂರಲು ಆ ಕರೆಯೂ ಒಂದು ಕಾರಣವಾಯಿತು, ಆದರೆ ಬಿಲ್ಲವರು ಗುಂಪಾಗಿ ಅದರಲ್ಲಿ ನೆಲೆಸಲಿಲ್ಲ. ಬ್ರಹ್ಮಸಮಾಜದಿಂದಲೇ ಬಂದ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ಅದಕ್ಕಾಗಿಯೇ ಸಂಸ್ಥೆ ಕಟ್ಟಿದರು. ಅದರಲ್ಲಿ ಓದಿನ ಜೊತೆ ಕೈಕಸುಬೂ ವಸತಿಯೂ ಸೇರಿದ್ದವು. ಮಿಷನ್ನಿನ ಮಾದರಿ ಅವರ ಕಣ್ಣೆದುರಿಗೇ ಇತ್ತಲ್ಲ. ಇನ್ನು ಕುದ್ರೋಳಿಯಲ್ಲಿ, ಮಿಷನ್ನಿನ ಮೂರನೆಯ ಹಂಚಿನ ಕಾರ್ಖಾನೆ ಬಂದ ಅದೇ ಕುದ್ರೋಳಿಯಲ್ಲಿ, ಕೊರಗಪ್ಪನವರ ಮುಂದಾಳ್ತನದಲ್ಲಿ ಬಿಲ್ಲವರು ತಮ್ಮದೇ ದೇವಸ್ಥಾನ ಕಟ್ಟಿದರು. 1912ರಲ್ಲಿ ನಾರಾಯಣ ಗುರುಗಳು ಬಂದು ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. ಗುಡಿಯೊಳಗೆ ಬಿಡದಿದ್ದರೆ ಚರ್ಚಿಗೆ ಹೋಗುವುದೊಂದೇ ದಾರಿ ಎಂಬ ಸ್ಥಿತಿ ಅಲ್ಲಿಗೆ ಮುಗಿಯಿತು.

ಹಂಚಿನ ಲೋಕದಲ್ಲಿ ಅದಕ್ಕೂ ಮುಂಚೆಯೇ ಇನ್ನೊಂದು ಬಾಗಿಲು ತೆರೆದುಕೊಂಡಿತ್ತು. ಜೆಪ್ಪುವಿನ ಕಾರ್ಖಾನೆಗೆ ಮೂರು ವರ್ಷ ತುಂಬುವಷ್ಟರಲ್ಲಿ, 1868ರಲ್ಲಿ, ಮಂಗಳೂರಿನ ಕಥೊಲಿಕ ಮನೆತನವಾದ ಆಲ್ಬುಕರ್ಕ್ ಕುಟುಂಬ ತನ್ನದೇ ಹಂಚಿನ ಕಾರ್ಖಾನೆ ಶುರುಮಾಡಿತು. ಬಳಿಕ ಒಂದರ ಹಿಂದೆ ಒಂದು. ನೇತ್ರಾವತಿ, ಗುರುಪುರ ನದಿಗಳ ದಂಡೆಯುದ್ದಕ್ಕೂ ಹೊಗೆ ಕೊಳವೆಗಳೆದ್ದವು. 'ಮಂಗಳೂರು ಹಂಚು' ಎಂಬ ಹೆಸರು ಹುಟ್ಟಿದ್ದು ಹೀಗೆ, ಒಂದು ಮಿಷನ್ನಿನಿಂದಲ್ಲ, ಇಡೀ ಊರಿನಿಂದ. ಮಿಷನ್ನಿನ ಚರಿತ್ರಕಾರರು ಇದನ್ನು ಸ್ಪರ್ಧೆ ಎಂದು ಬರೆದರು, ಉದ್ಯಮದ ಚರಿತ್ರಕಾರರು ಬೆಳವಣಿಗೆ ಎಂದು. ನನಗೆ ಮುಖ್ಯವೆನಿಸುವುದು ಬೇರೆಯದು. ಪಾದ್ರಿಯೊಂದಿಗೆ ಮನಸ್ತಾಪವಾದವನಿಗೆ, ಸಭೆಯಿಂದ ಹೊರಗಿಟ್ಟವಳಿಗೆ ಈಗ ನಡೆದು ಹೋಗುವಷ್ಟು ದೂರದಲ್ಲಿ ಇನ್ನೊಂದು ಗೇಟಿತ್ತು. ಅಲ್ಲಿ ಯಾರ ದೇವರು ಯಾರೆಂದು ಕೇಳಿ ಮಣ್ಣು ಹೊರಿಸಬೇಕಾದ ಅಗತ್ಯವಿರಲಿಲ್ಲ. ಕೂಲಿ ಹೆಚ್ಚಿತ್ತೆಂದೋ ಮಾಲೀಕರು ಕರುಣಾಳುಗಳೆಂದೋ ನಾನು ಹೇಳುತ್ತಿಲ್ಲ, ಹಂಚಿನ ಕಾರ್ಖಾನೆಯ ದುಡಿಮೆ ಎಲ್ಲೆಡೆಯೂ ಕೊರಳು ಬೀಳಿಸುವಂಥದ್ದೇ. ಆದರೆ ಕೂಲಿಯನ್ನೂ ಕೃಪೆಯನ್ನೂ ಒಂದೇ ಕೈಯಿಂದ ಪಡೆಯಬೇಕಾದ ಪಾಡು ಸಡಿಲವಾಗತೊಡಗಿದ್ದು ಈ ಎರಡನೆಯ ಗೇಟಿನಿಂದ. ನನ್ನ ಮಾರ್ಗದರ್ಶಕರಿಗೆ ಈ ವಾದ ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ. ಆಲ್ಬುಕರ್ಕ್ ಗೇಟಿನೊಳಗೆ ಹೋದವರ ಹೆಸರುಗಳನ್ನು ತೋರಿಸು ಎನ್ನುತ್ತಾರೆ. ನ್ಯಾಯವಾದ ಮಾತು, ಹುಡುಕುತ್ತಿದ್ದೇನೆ.

ಮಿಷನ್ನಿನ ಹಿಡಿತ ಪೂರ್ತಿ ಕಳಚಿದ್ದು ಮಾತ್ರ ಯಾರೂ ಎಣಿಸದ ರೀತಿಯಲ್ಲಿ. 1914ರ ಆಗಸ್ಟಿನಲ್ಲಿ ಯುದ್ಧ ಶುರುವಾದಾಗ ಬಾಸೆಲ್ ಮಿಷನ್ನಿನ ಪಾದ್ರಿಗಳಲ್ಲಿ ಹೆಚ್ಚಿನವರು ಬ್ರಿಟಿಷ್ ಸರ್ಕಾರದ ಕಣ್ಣಿಗೆ ಶತ್ರು ದೇಶದ ಪ್ರಜೆಗಳಾದರು. ಗಂಡಸರನ್ನು ಅಹಮದ್‌ನಗರದ ಬಂಧನ ಶಿಬಿರಕ್ಕೆ ಒಯ್ದರು. ಬಹಳ ಮಂದಿಯನ್ನು, ಹೆಂಗಸರು ಮಕ್ಕಳ ಸಮೇತ, 'ಗೋಲ್ಕೊಂಡ' ಎಂಬ ಹಡಗಿನಲ್ಲಿ ಸ್ವದೇಶಕ್ಕೆ ಸಾಗಿಸಿದರು. ಎಂಬತ್ತು ವರ್ಷ ಈ ಊರಿನಲ್ಲಿ ಪರರಿಗೆ ಮನೆ ಕಟ್ಟಿಸಿಕೊಟ್ಟವರು ತಮ್ಮ ಬಂಗಲೆಗಳಿಂದ ಪೆಟ್ಟಿಗೆ ಹಿಡಿದು ಹೊರಟರು. ಕಾರ್ಖಾನೆಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಂಡಿತು. 1919ರಲ್ಲಿ ಲಂಡನ್ನಿನ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿ ಅವುಗಳ ಒಡೆತನಕ್ಕೆ ಬಂತು. ಊರಿನ ಕ್ರೈಸ್ತ ಸಭೆಗಳು ಸ್ಥಳೀಯ ಪಾದ್ರಿಗಳ, ಹಿರಿಯರ ಹೆಗಲ ಮೇಲೆ ಬಿದ್ದವು. ಸಾಕಿದವರು ಹೋದರೆ ಚದುರಿಹೋಗುತ್ತಾರೆಂದು ಯಾರಾದರೂ ಎಣಿಸಿದ್ದರೆ ಅದು ಸುಳ್ಳಾಯಿತು. ಸಭೆಗಳು ಉಳಿದವು, ಪ್ರೆಸ್ಸು ಉಳಿಯಿತು, ಜೆಪ್ಪುವಿನ ಭಟ್ಟಿಯೂ ಆರಲಿಲ್ಲ.

1920ರ ದಶಕದಲ್ಲಿ ಬಾಸೆಲ್ಲಿನವರಿಗೆ ಮತ್ತೆ ಬರಲು ಅನುಮತಿ ಸಿಕ್ಕಿತು. ಅವರು ಚರ್ಚುಗಳಿಗೆ, ಶಾಲೆಗಳಿಗೆ, ಗದಗ-ಬೆಟಗೇರಿಯ ಆಸ್ಪತ್ರೆಗೆ ಮರಳಿದರು. ಕಾರ್ಖಾನೆಗಳು ಟ್ರಸ್ಟಿನ ಕೈಯಲ್ಲೇ ಉಳಿದವು. ನಾನು ಮಾತಾಡಿಸಿದ ಆ ಹಿರಿಯರು ಕೆಲಸಕ್ಕೆ ಸೇರಿದ್ದು ಈ ಟ್ರಸ್ಟಿನ ಕಾಲದಲ್ಲಿ. ಅವರ ಜೊತೆ ಮಣ್ಣು ಹೊತ್ತವರಲ್ಲಿ ಕ್ರೈಸ್ತರಿದ್ದರು, ಬಿಲ್ಲವರಿದ್ದರು, ಮಾಪಿಳ್ಳೆಯವರಿದ್ದರು, ಒಂದಿಬ್ಬರು ಘಟ್ಟದ ಮೇಲಿನವರೂ ಇದ್ದರಂತೆ. ಪಾದ್ರಿಗಳು ಕಾರ್ಖಾನೆಗೆ ಬರುತ್ತಿದ್ದರೇ ಎಂದು ಕೇಳಿದೆ. "ಪಾದ್ರಿಗಳು ಇಲ್ಲಿಗೆ ಯಾಕೆ ಬರ್ತಾರೆ?" ಎಂದು ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. "ಅವರದ್ದು ಚರ್ಚು. ಇಲ್ಲಿ ನಮ್ಮ ಮೇಸ್ತ್ರಿ ಇದ್ದ, ಅವನ ಜೊತೆ ಜಗಳ ಮಾಡಿಯೇ ನಮಗೆ ಸಾಕಾಗ್ತಿತ್ತು."